ಗಿರಾಕಿ ಯಾರು, ಕೆಲಸ ಯಾವುದು

ಪುಣೆಯಿಂದ ಲೋಣಾವಳದ ಕಡೆಗೆ ಹೋಗುವ ಲೋಕಲ್ ರೈಲು ಶಿವಾಜಿನಗರ ಬಿಟ್ಟ ಮೇಲೆ ನಿಲ್ಲುವ ಊರು ಖಡಕಿ. ಮುಳಾ ನದಿಯ ದಡದ ಈ ಊರನ್ನು ಇತಿಹಾಸದ ಪುಸ್ತಕಗಳು ನೆನೆಯುವುದು 1817ರ ನವೆಂಬರ್ 5ರ ಕಾಳಗಕ್ಕಾಗಿ. ಅಂದು ಪೇಶ್ವೆ ಎರಡನೆಯ ಬಾಜೀರಾಯನ ಸೈನ್ಯ ಇಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಎದುರಾಗಿ ಸೋತಿತು. ಆಮೇಲೆ ಬಂದದ್ದು ದಂಡು, ದಂಡಿನ ಹಿಂದೆ ಬಂದದ್ದು ಕಾರ್ಖಾನೆ. 1869ರಲ್ಲಿ ಶುರುವಾದ ಅಮ್ಯುನಿಷನ್ ಫ್ಯಾಕ್ಟರಿ, ಅಂದರೆ ಮದ್ದುಗುಂಡಿನ ಕಾರ್ಖಾನೆ, ಇಂದಿಗೂ ಇಲ್ಲಿದೆ. 1946ರಲ್ಲಿ ಇದೇ ಊರಿನಲ್ಲಿ ಇನ್ನೊಂದು ಕಾರ್ಖಾನೆ ಹುಟ್ಟಿತು. ಅದು ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್. ಮೊದಲನೆಯದಕ್ಕೆ ಹುಟ್ಟುವಾಗಲೇ ಗಿರಾಕಿ ಗೊತ್ತಿದ್ದ, ಅವನೊಬ್ಬನೇ ಇದ್ದ: ಸರ್ಕಾರದ ಸೈನ್ಯ. ಎರಡನೆಯದು ತನ್ನ ಗಿರಾಕಿಯನ್ನು ಹಳ್ಳಿಹಳ್ಳಿಗೆ ಹೋಗಿ ಹುಡುಕಬೇಕಿತ್ತು. ಇಂದಿನ ವ್ಯಾಪಾರ ಜಗತ್ತನ್ನು ಕಾಡುತ್ತಿರುವ ಒಂದು ಪ್ರಶ್ನೆಗೆ ಈ ಎರಡು ಕಾರ್ಖಾನೆಗಳ ಚರಿತ್ರೆಯಲ್ಲಿ ಉತ್ತರ ಹುಡುಕುವುದು ಈ ಭಾಷಣದ ಉದ್ದೇಶ.

ಪ್ರಶ್ನೆ ಹೀಗಿದೆ. ಉದ್ಯಮ ಶುರು ಮಾಡುವವರು ಎಲ್ಲರಿಗೂ ಬೇಕಾದ ವಸ್ತುವನ್ನು ಮಾಡಿ ದೊಡ್ಡ ಮಾರುಕಟ್ಟೆಗೆ ನುಗ್ಗಬೇಕೋ, ಅಥವಾ ಕೆಲವರಿಗೆ ಮಾತ್ರ ಬೇಕಾದ ವಸ್ತುವನ್ನು ಮಾಡಿ ಕಿರುಮಾರುಕಟ್ಟೆಯಲ್ಲಿ ನೆಲೆಯೂರಬೇಕೋ? ವ್ಯವಹಾರ ಶಾಸ್ತ್ರ ಕಲಿಸುವ ಕಾಲೇಜುಗಳಲ್ಲಿ ಕಿರುಮಾರುಕಟ್ಟೆಗೆ 'ನಿಷ್' ಎನ್ನುತ್ತಾರೆ, ದೊಡ್ಡದಕ್ಕೆ 'ಮೇನ್‌ಸ್ಟ್ರೀಮ್' ಎನ್ನುತ್ತಾರೆ, ಎರಡನ್ನೂ ಎದುರುಬದುರು ನಿಲ್ಲಿಸಿ ಲಾಭನಷ್ಟದ ಪಟ್ಟಿ ಬರೆಸುತ್ತಾರೆ. ದೊಡ್ಡದರಲ್ಲಿ ಮಾರಾಟ ಹೆಚ್ಚು, ಪೈಪೋಟಿಯೂ ಹೆಚ್ಚು; ಕಿರಿದರಲ್ಲಿ ಲಾಭದ ಅಂಶ ಹೆಚ್ಚು, ಬೆಳೆಯುವ ಜಾಗ ಕಡಿಮೆ. ಪಟ್ಟಿ ತಪ್ಪೇನಲ್ಲ. ಆದರೆ ಮಾರುಕಟ್ಟೆಯ ಗಾತ್ರವನ್ನು ಮೊದಲು ಅಳೆದು ಆಮೇಲೆ ಸರಕನ್ನು ಯೋಚಿಸುವ ಈ ಕ್ರಮದಲ್ಲೇ ದೋಷವಿದೆ ಎಂಬುದು ನನ್ನ ವಾದ. ಬಾಳಿಕೆ ಬಂದ ದೊಡ್ಡ ಮಾರುಕಟ್ಟೆಗಳ ಬುಡ ಕೆದಕಿದರೆ ಅಲ್ಲಿ ಸಿಗುವುದು ಯಾರೋ ಒಬ್ಬ ಗಿರಾಕಿಯ ಯಾವುದೋ ಒಂದು ಕೆಲಸವನ್ನು ಹತ್ತಿರದಿಂದ ಬಲ್ಲ ಒಂದು ಕಿರಿದಾದ ಆರಂಭ. ಆ ಬಲ್ಲವಿಕೆ ಇರುವಷ್ಟು ದಿನ ಕಿರುಮಾರುಕಟ್ಟೆ ಬೆಳೆಯುತ್ತದೆ ಅಥವಾ ಕನಿಷ್ಠ ಉಳಿಯುತ್ತದೆ. ಅದು ಹೋದ ದಿನ ದೊಡ್ಡ ಮಾರುಕಟ್ಟೆಯೂ ಕೈಬಿಡುತ್ತದೆ.

ಕಿರ್ಲೋಸ್ಕರರ ಕಥೆ ಶುರುವಾಗುವುದು ನಮ್ಮ ನಾಡಿನಲ್ಲೇ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರ ಜೂನ್ 20ರಂದು. ಖಡಕಿಯ ಮದ್ದುಗುಂಡಿನ ಕಾರ್ಖಾನೆ ಶುರುವಾದ ವರ್ಷವೇ. ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಅವರು, ಅಣ್ಣ ರಾಮಣ್ಣನವರೊಂದಿಗೆ ಸೇರಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದರು. ಮಾರುವುದರ ಜೊತೆಗೆ ಸವಾರಿ ಕಲಿಸುವುದೂ ಅಂಗಡಿಯ ಕೆಲಸವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಬೆಳಗಾವಿಯಲ್ಲಿ ಸೈಕಲ್ ಕೊಳ್ಳುವವರೆಂದರೆ ಅಧಿಕಾರಿಗಳು, ವಕೀಲರು, ಸ್ಥಿತಿವಂತರು, ಅಷ್ಟೇ. ಅದು ನಿಜವಾದ ಕಿರುಮಾರುಕಟ್ಟೆ, ಮತ್ತು ಅದರ ಮಿತಿಯೂ ಬೇಗ ಗೊತ್ತಾಯಿತು: ವಸ್ತು ವಿಲಾಯತಿಯದು, ಜ್ಞಾನ ಬೇರೆಯವರದು, ಅಂಗಡಿಯವನ ಪಾಲಿಗೆ ಉಳಿಯುವುದು ದಲ್ಲಾಳಿಯ ಲಾಭ. ಕಿರ್ಲೋಸ್ಕರರು ಅಲ್ಲಿಂದ ತಿರುಗಿದ್ದು ಕಣಿಕೆ ಕತ್ತರಿಸುವ ಯಂತ್ರದ ಕಡೆಗೆ, ಆಮೇಲೆ ಕಬ್ಬಿಣದ ರಂಟೆಯ ಕಡೆಗೆ. ಬೆಳಗಾವಿಯಲ್ಲಿ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ಜಮೀನು ಕೊಟ್ಟು, ಸಾಲ ಕೊಟ್ಟು ಕರೆದರು. ಕುಂಡಲ ರೋಡ್ ರೈಲು ನಿಲ್ದಾಣದ ಬಳಿಯ ಬರಡು ಬಯಲಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು.

ರಂಟೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಕಬ್ಬಿಣದ ನೇಗಿಲು ಆಗಲೇ ಇಂಗ್ಲೆಂಡಿನಿಂದ ಬರುತ್ತಿತ್ತು, ಆದರೆ ಅದು ಬೇರೆ ಮಣ್ಣಿಗೆ, ಬೇರೆ ಎತ್ತಿಗೆ, ಬೇರೆ ಕಿಸೆಗೆ ಮಾಡಿದ್ದು. ಇಲ್ಲಿಯ ಎರೆ ಭೂಮಿಯಲ್ಲಿ ಕರಿಕೆ ಆಳಕ್ಕೆ ಬೇರು ಬಿಟ್ಟರೆ ಮರದ ನೇಗಿಲು ಅದನ್ನು ಕೀಳಲಾರದು. ಮಣ್ಣನ್ನು ಆಳದಿಂದ ಮಗುಚಿ ಹಾಕುವ ಸಾಧನ ಬೇಕಿತ್ತು, ಅದು ಇಲ್ಲಿಯ ಎತ್ತುಗಳು ಎಳೆಯುವಷ್ಟು ಹಗುರವೂ ಆಗಿರಬೇಕಿತ್ತು, ಮುರಿದರೆ ಬಿಡಿಭಾಗ ಹತ್ತಿರದಲ್ಲಿ ಸಿಗಬೇಕಿತ್ತು. ಕಿರ್ಲೋಸ್ಕರರು ಅಂಥದ್ದನ್ನು ಎರಕ ಹೊಯ್ದರು. ಆದರೂ ಕೊಳ್ಳುವವರಿಲ್ಲ. ಕಬ್ಬಿಣ ತಾಗಿದರೆ ಭೂಮಿ ಕೆಡುತ್ತದೆ, ವಿಷವಾಗುತ್ತದೆ ಎಂಬ ನಂಬಿಕೆ ರೈತರಲ್ಲಿತ್ತು. ಮೊದಲ ರಂಟೆಗಳು ಮಾರಿಹೋಗಲು ಎರಡು ವರ್ಷ ಹಿಡಿಯಿತೆಂದು ಆ ಸಂಸ್ಥೆಯ ಚರಿತ್ರೆ ಬರೆದವರು ಹೇಳುತ್ತಾರೆ. ಕಾದು, ಹೊಲದಲ್ಲಿ ಉತ್ತು ತೋರಿಸಿ, ಒಬ್ಬ ರೈತನ ಬೆಳೆ ನೋಡಿ ಪಕ್ಕದ ರೈತ ಬರುವಂತೆ ಮಾಡಿ ಆ ಮಾರುಕಟ್ಟೆ ಕಟ್ಟಬೇಕಾಯಿತು.

ಇಲ್ಲೊಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಭಾರತದಲ್ಲಿ ಅಂದು ಬಹುಪಾಲು ಜನ ಬೇಸಾಯಗಾರರೇ; ರೈತನಿಗೆ ಮಾಡಿದ ವಸ್ತುವನ್ನು ಕಿರುಮಾರುಕಟ್ಟೆ ಎನ್ನುವುದು ಹೇಗೆ? ಜನಸಂಖ್ಯೆಯನ್ನೇ ಮಾರುಕಟ್ಟೆ ಎಂದು ತಿಳಿದರೆ ಈ ಆಕ್ಷೇಪ ನಿಲ್ಲುತ್ತದೆ. ಆದರೆ ಮಾರುಕಟ್ಟೆ ಎಂದರೆ ಬೇಕು ಎನ್ನುವ, ಕೊಡಬಲ್ಲ, ನಂಬುವ ಜನರ ಕೂಟ. ಆ ಲೆಕ್ಕದಲ್ಲಿ 1905ರ ಸುಮಾರಿನ ಕಬ್ಬಿಣದ ರಂಟೆಯ ಮಾರುಕಟ್ಟೆ ಬೆರಳೆಣಿಕೆಯ ರೈತರದ್ದು. ವಿಲಾಯತಿ ಕಂಪನಿಗಳ ಲೆಕ್ಕದಲ್ಲಿ ಇಲ್ಲಿಯ ಸಣ್ಣ ರೈತ ಗಿರಾಕಿಯೇ ಆಗಿರಲಿಲ್ಲ. ಕೋಟ್ಯಂತರ ಜನರ ಅಗತ್ಯವೂ ಯಾರೂ ಗಮನಿಸದಿದ್ದರೆ ಮಾರುಕಟ್ಟೆಯ ಅಂಚಿನಲ್ಲೇ ಬಿದ್ದಿರುತ್ತದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಕಿರುಮಾರುಕಟ್ಟೆ ಎಂದ ಕೂಡಲೇ ಇಂದು ನಮಗೆ ನೆನಪಾಗುವುದು ಶ್ರೀಮಂತರ ಕೈಗಡಿಯಾರ, ದುಬಾರಿ ಕಾಫಿ, ಸಾವಯವ ಅಂಗಡಿ. ಬಡವರ, ಹಳ್ಳಿಯವರ, ಅಂಗವಿಕಲರ, ವೃದ್ಧರ ಎಷ್ಟೋ ಅಗತ್ಯಗಳು ಸಂಖ್ಯೆಯಲ್ಲಿ ದೊಡ್ಡವು, ಮಾರುಕಟ್ಟೆಯ ದೃಷ್ಟಿಯಲ್ಲಿ ಚಿಕ್ಕವು. ಅವುಗಳನ್ನು ಮೊದಲು ಕಂಡವರು ಮುಂದಿನ ದೊಡ್ಡ ಮಾರುಕಟ್ಟೆಯ ಅಡಿಪಾಯ ಹಾಕುತ್ತಾರೆ.

ಖಡಕಿಯ ಎಂಜಿನ್ ಕಾರ್ಖಾನೆಯೂ ಇದೇ ದಾರಿಯಲ್ಲಿ ನಡೆಯಿತು. ಲಕ್ಷ್ಮಣರಾಯರ ಮಗ ಶಂತನುರಾವ್ ಕಿರ್ಲೋಸ್ಕರ್ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಓದಿ 1926ರಲ್ಲಿ ಪದವಿ ಪಡೆದವರು. ಅವರ ಮುಂದಾಳುತನದಲ್ಲಿ 1946ರಲ್ಲಿ ಬ್ರಿಟಿಷ್ ಸಹಯೋಗದೊಂದಿಗೆ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸ್ಥಾಪನೆಯಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕೂಡ ಶುರುವಾಯಿತು. ಡೀಸೆಲ್ ಎಂಜಿನ್ನಿಗೆ ಅಂದು ಜಗತ್ತಿನ ದೊಡ್ಡ ಮಾರುಕಟ್ಟೆಗಳೆಂದರೆ ಹಡಗು, ರೈಲು, ಲಾರಿ. ಖಡಕಿಯವರು ಮನಸ್ಸಿಟ್ಟದ್ದು ಬಾವಿಯ ದಂಡೆಯ ಮೇಲೆ. ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತುವ ರೈತನಿಗೆ ಐದಾರು ಅಶ್ವಶಕ್ತಿಯ ಎಂಜಿನ್ ಸಾಕು. ಆದರೆ ಅವನ ಬೇಡಿಕೆಗಳು ಸಲೀಸಲ್ಲ. ದೂಳಿನಲ್ಲಿ, ಬಿಸಿಲಿನಲ್ಲಿ, ಕಲಬೆರಕೆ ಎಣ್ಣೆಯಲ್ಲಿ ಅದು ಓಡಬೇಕು. ಕಬ್ಬಿಗೆ ನೀರು ಹಾಯಿಸುವ ಹೊತ್ತಿನಲ್ಲಿ ನಿಂತುಹೋದರೆ ತಾಲ್ಲೂಕು ಪೇಟೆಯಲ್ಲೇ ಬಿಡಿಭಾಗ ಸಿಗಬೇಕು. ಊರಿನ ಮೇಸ್ತ್ರಿಗೆ ಅದನ್ನು ಬಿಚ್ಚಿ ಜೋಡಿಸಲು ಬರಬೇಕು. ಸುಗ್ಗಿ ಮುಗಿದ ಮೇಲೆ ಅದೇ ಎಂಜಿನ್ನು ಹಿಟ್ಟಿನ ಗಿರಣಿಯನ್ನೋ ಕಬ್ಬಿನ ಗಾಣವನ್ನೋ ತಿರುಗಿಸಿದರೆ ಇನ್ನೂ ಒಳ್ಳೆಯದು. ಇವನ್ನೆಲ್ಲ ಈಡೇರಿಸಲು ಯಂತ್ರದಷ್ಟೇ ಏಜೆಂಟರ, ರಿಪೇರಿಯವರ ಜಾಲವೂ ಬೇಕಾಗುತ್ತದೆ. ಅಂಥ ಜಾಲ ಕಟ್ಟಿದವರಿಗೆ ಪಂಪ್‌ಸೆಟ್ ಎಂಬುದು ಹಳ್ಳಿಯ ಮನೆಮಾತಾದಾಗ, ಹಸಿರು ಕ್ರಾಂತಿ ಬಂದು ನೀರಿನ ಬೇಡಿಕೆ ಏರಿದಾಗ, ಮಾರುಕಟ್ಟೆ ತಾನಾಗಿ ಹಿಗ್ಗಿತು.

ಅರ್ಥಶಾಸ್ತ್ರ ಬಲ್ಲವರು ಇಲ್ಲಿ ಎರಡನೆಯ ಆಕ್ಷೇಪ ಎತ್ತಬಹುದು. ಅಗ್ಗವಾಗಿ ಮಾಡಬೇಕಾದರೆ ಹೆಚ್ಚು ಮಾಡಬೇಕು, ಹೆಚ್ಚು ಮಾಡಬೇಕಾದರೆ ಮೊದಲೇ ದೊಡ್ಡ ಮಾರುಕಟ್ಟೆ ಇರಬೇಕು ಎಂಬುದು ಅವರ ತರ್ಕ. ಇದಕ್ಕೆ ಆಡಂ ಸ್ಮಿತ್‌ನ ಆಧಾರವಿದೆ. 1776ರ ತನ್ನ ಗ್ರಂಥದಲ್ಲಿ ಅವನು ಸ್ಕಾಟ್ಲೆಂಡಿನ ಗುಡ್ಡಗಾಡಿನ ಮೊಳೆ ಮಾಡುವವನ ಉದಾಹರಣೆ ಕೊಡುತ್ತಾನೆ. ದಿನಕ್ಕೆ ಸಾವಿರದಂತೆ ವರ್ಷಕ್ಕೆ ಮೂರು ಲಕ್ಷ ಮೊಳೆ ಮಾಡಬಲ್ಲ ಕಸಬುದಾರನಿಗೆ ಆ ಸೀಮೆಯಲ್ಲಿ ಒಂದು ದಿನದ ಮೊಳೆಯನ್ನು ವರ್ಷವಿಡೀ ಮಾರುವುದೂ ಕಷ್ಟ. ಆದ್ದರಿಂದ ಅಲ್ಲಿ ಬರೀ ಮೊಳೆ ಮಾಡಿ ಬದುಕುವವನು ಇರಲಾರ. ಕಸಬಿನ ವಿಭಜನೆ ಎಷ್ಟು ಸೂಕ್ಷ್ಮವಾಗಬಲ್ಲದೆಂಬುದನ್ನು ಮಾರುಕಟ್ಟೆಯ ವಿಸ್ತಾರವೇ ನಿರ್ಧರಿಸುತ್ತದೆ ಎಂಬ ಸ್ಮಿತ್‌ನ ಮಾತು ಇಂದಿಗೂ ಸುಳ್ಳಾಗಿಲ್ಲ. ಆದರೆ ವಿಸ್ತಾರವಾಗಲು ಎರಡು ದಾರಿಗಳಿವೆ. ಸರಕನ್ನು ಎಲ್ಲರಿಗೂ ಹೊಂದುವಂತೆ ಸಪ್ಪೆ ಮಾಡುವುದು ಒಂದು. ಸರಕನ್ನು ಹಾಗೇ ಮೊನಚಾಗಿಟ್ಟು, ಅದೇ ಕೆಲಸ ಮಾಡುವ ಗಿರಾಕಿಯನ್ನು ದೂರದೂರದ ಊರುಗಳಲ್ಲಿ ಹುಡುಕುವುದು ಇನ್ನೊಂದು. ರೈಲು, ರಸ್ತೆ, ಈಗ ಅಂತರ್ಜಾಲ ಎರಡನೆಯ ದಾರಿಯನ್ನು ಸುಲಭ ಮಾಡಿವೆ. ಜರ್ಮನಿಯ ಹರ್ಮನ್ ಸೈಮನ್ ಎಂಬ ವಿದ್ವಾಂಸರು ಅಧ್ಯಯನ ಮಾಡಿ 'ಮರೆಯ ಚಾಂಪಿಯನ್ನರು' ಎಂದು ಹೆಸರಿಟ್ಟ ಮಧ್ಯಮ ಗಾತ್ರದ ಕಂಪನಿಗಳು ಬದುಕಿರುವುದು ಹೀಗೆಯೇ: ಸರಕು ಒಂದೇ, ಗಿರಾಕಿಗಳು ಜಗತ್ತಿನೆಲ್ಲೆಡೆ. ಗುಡ್ಡಗಾಡಿನ ಆ ಮೊಳೆಗಾರನಿಗೆ ಒಳ್ಳೆಯ ರಸ್ತೆಯೊಂದು ಸಿಕ್ಕಿದ್ದರೆ ಅವನು ಮೊಳೆಯ ಜೊತೆಗೆ ಬೀಗ, ಕುಡುಗೋಲು, ಲಾಳಗಳನ್ನೂ ಬಡಿಯಬೇಕಾದ ಅಗತ್ಯ ಇರುತ್ತಿರಲಿಲ್ಲ.

ಎಲ್ಲರಿಗಾಗಿ ಮಾಡಿದ್ದು ಮತ್ತು ಒಬ್ಬನಿಗಾಗಿ ಮಾಡಿದ್ದು, ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಖಡಕಿಯ ನೆರೆಯಲ್ಲೇ ಪುರಾವೆ ಇದೆ. ಹಳೆಯ ಮುಂಬಯಿ-ಪುಣೆ ರಸ್ತೆಯಲ್ಲಿ ಖಡಕಿಯಿಂದ ಮುಂದೆ ಹೋದರೆ ಪಿಂಪರಿ. ಅಲ್ಲಿ ಟಾಟಾ ಮೋಟಾರ್ಸ್‌ನ ಕಾರ್ಖಾನೆ. ಈ ಕಂಪನಿ 2005ರಲ್ಲಿ 'ಏಸ್' ಎಂಬ ಪುಟ್ಟ ಟ್ರಕ್ಕನ್ನು ಹೊರತಂದಿತು. ಅದರ ಹಿಂದಿದ್ದ ಲೆಕ್ಕ ಬಹಳ ಕಿರಿದು. ದೊಡ್ಡ ಲಾರಿಗೆ ಹಗಲಲ್ಲಿ ಪೇಟೆಯೊಳಗೆ ಪ್ರವೇಶವಿಲ್ಲ, ಮೂರು ಚಕ್ರದ ಲಗೇಜ್ ಆಟೋಗೆ ಭಾರ ತಡೆಯುವುದಿಲ್ಲ, ಹೆದ್ದಾರಿಯಲ್ಲಿ ಅದು ಸುರಕ್ಷಿತವೂ ಅಲ್ಲ. ಈ ಎರಡರ ನಡುವೆ ಸಿಕ್ಕಿಕೊಂಡ, ತರಕಾರಿಯನ್ನೋ ಗ್ಯಾಸ್ ಸಿಲಿಂಡರನ್ನೋ ಹೊತ್ತು ದಿನಕ್ಕೆ ನಾಲ್ಕು ಬಾಡಿಗೆ ಹೊಡೆಯಬೇಕಾದ ಮಾಲೀಕ-ಚಾಲಕನ ಕೆಲಸವನ್ನು ಅಭ್ಯಾಸ ಮಾಡಿ, ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ ಕೂರಿಸಿ ಆ ಗಾಡಿ ಮಾಡಿದರು. ಅದಕ್ಕೆ ಮೊದಲು ಅಂಥದೊಂದು ವರ್ಗದ ವಾಹನವೇ ನಮ್ಮಲ್ಲಿ ಇರಲಿಲ್ಲ. ಜನ ಅದಕ್ಕೆ 'ಛೋಟಾ ಹಾಥಿ' ಎಂದು ಹೆಸರಿಟ್ಟರು. 12-13 ವರ್ಷಗಳಲ್ಲಿ 20 ಲಕ್ಷ ಗಾಡಿಗಳು ಮಾರಿದವು. ಅದೇ ಕಂಪನಿ, ಏಸ್ ಯೋಜನೆ ನಡೆಸಿದ ಅದೇ ಗಿರೀಶ್ ವಾಘ್ ಅವರ ನೇತೃತ್ವದಲ್ಲಿ, 2008ರ ಜನವರಿಯಲ್ಲಿ ಒಂದು ಲಕ್ಷ ರೂಪಾಯಿಯ ನ್ಯಾನೋ ಕಾರನ್ನು ಜಗತ್ತಿನ ಮುಂದಿಟ್ಟಿತು. ಅದರ ಗುರಿ ದೇಶದ ಮಧ್ಯಮ ವರ್ಗ ಪೂರ್ತಿ. ಗುಜರಾತಿನ ಸಾಣಂದದಲ್ಲಿ ವರ್ಷಕ್ಕೆ 2.5 ಲಕ್ಷ ಕಾರು ಮಾಡುವ ಕಾರ್ಖಾನೆ ಕಟ್ಟಿದರು. ಮಾರಾಟ ಆ ಸಂಖ್ಯೆಯ ಹತ್ತಿರಕ್ಕೂ ಬರಲಿಲ್ಲ. 2018ರ ಜೂನ್ ತಿಂಗಳಲ್ಲಿ ತಯಾರಾದದ್ದು ಒಂದೇ ಒಂದು ಕಾರು.

ನ್ಯಾನೋ ಸೋಲಿಗೆ, ಮೊದಲು ಕಾರ್ಖಾನೆ ಕಟ್ಟಲು ಹೊರಟಿದ್ದ ಪಶ್ಚಿಮ ಬಂಗಾಳದ ಸಿಂಗೂರಿನ ಗಲಾಟೆ, ಕಾರ್ಖಾನೆಯ ಸ್ಥಳಾಂತರ, ಕೆಲವು ಕಾರುಗಳಿಗೆ ಬೆಂಕಿ ಹತ್ತಿದ ಸುದ್ದಿ ಹೀಗೆ ಕಾರಣಗಳು ಹಲವು; ಎಲ್ಲವನ್ನೂ ನನ್ನ ವಾದಕ್ಕೆ ಜಮಾ ಮಾಡಿಕೊಳ್ಳುವುದು ಸರಿಯಲ್ಲ. ಎಂಜಿನಿಯರಿಂಗಿನ ದೃಷ್ಟಿಯಿಂದ ಅದು ಸಣ್ಣ ಸಾಧನೆಯೂ ಅಲ್ಲ. ಆದರೆ 'ಅತಿ ಅಗ್ಗದ ಕಾರು' ಎಂದು ಅದನ್ನು ಮಾರಲು ಹೋದದ್ದೇ ತಪ್ಪಾಯಿತೆಂದು ರತನ್ ಟಾಟಾ ಅವರೇ ಮುಂದೆ ಹೇಳಿದರು. ಅಗ್ಗ ಎಂಬುದು ವಸ್ತುವಿನ ಗುಣ, ಗಿರಾಕಿಯ ಕೆಲಸವಲ್ಲ. ಏಸ್ ಕೊಂಡವನಿಗೆ ಅದರಿಂದ ನಾಳೆ ಬೆಳಗ್ಗೆ ಏನು ಮಾಡಬೇಕೆಂಬುದು ಗೊತ್ತಿತ್ತು, ತಿಂಗಳ ಕಂತಿಗೆ ಎಷ್ಟು ದುಡಿಯಬೇಕೆಂಬ ಲೆಕ್ಕವೂ ಇತ್ತು. ಬೈಕಿನಲ್ಲಿ ಸಂಸಾರ ಸಮೇತ ಹೋಗುವವನಿಗೆ ಕಾರು ಎಂಬುದು ವಾಹನದ ಜೊತೆಗೆ ಮರ್ಯಾದೆಯೂ ಹೌದು; ಅದನ್ನು ಅತಿ ಅಗ್ಗದ್ದೆಂದು ಸಾರಿದ ಕೂಡಲೇ ಅವನು ಹಿಂದೆ ಸರಿದು, ಸ್ವಲ್ಪ ಹಣ ಕೂಡಿಸಿ ಹಳೆಯ ಮಾರುತಿ ಕೊಳ್ಳುವುದೇ ಮೇಲೆಂದುಕೊಂಡ. ಎಲ್ಲರ ಸರಾಸರಿ ತೆಗೆದು ಮಾಡಿದ ವಸ್ತುವಿಗೆ ಇಂಥ ಸೂಕ್ಷ್ಮ ಕಾಣುವುದಿಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಗೆದ್ದವರನ್ನು ಮಾತ್ರ ಆರಿಸಿ ತೋರಿಸಿದರೆ ಯಾವ ವಾದವನ್ನಾದರೂ ಸಾಧಿಸಬಹುದು. ಕಿರುಮಾರುಕಟ್ಟೆಯಲ್ಲೇ ಹುಟ್ಟಿ ಅಲ್ಲೇ ಸತ್ತವರ ಲೆಕ್ಕ ಎಲ್ಲಿ? ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕಿರ್ಲೋಸ್ಕರ್ ಬಳಗದಲ್ಲೇ ಇದೆ. 1941ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಲೇತ್ ಮುಂತಾದ ಯಂತ್ರೋಪಕರಣಗಳನ್ನು, ಅಂದರೆ ಯಂತ್ರಗಳನ್ನು ಮಾಡುವ ಯಂತ್ರಗಳನ್ನು, ಅದು ತಯಾರಿಸುತ್ತಿತ್ತು. ಇದಕ್ಕಿಂತ ಕಿರಿದಾದ, ಇದಕ್ಕಿಂತ ಜ್ಞಾನ ಬೇಡುವ ಮಾರುಕಟ್ಟೆ ಸಿಗುವುದು ಕಷ್ಟ. ಹರಿಹರದ ಲೇತುಗಳು ದೇಶದ ವರ್ಕ್‌ಶಾಪುಗಳಲ್ಲೆಲ್ಲ ಹೆಸರು ಮಾಡಿದವು, ಊರಿಗೆ ಊರೇ ಆ ಕಾರ್ಖಾನೆಯ ಸೈರನ್ನಿಗೆ ಏಳುತ್ತಿತ್ತು. ಆದರೂ ಹೊಸ ಶತಮಾನದ ಆರಂಭದ ಹೊತ್ತಿಗೆ ಅದಕ್ಕೆ ಬೀಗ ಬಿತ್ತು. ಕಾರಣಗಳು ಹಲವಿದ್ದರೂ ಒಂದು ಸ್ಪಷ್ಟ: 1991ರವರೆಗೆ ಲೈಸೆನ್ಸು ಮತ್ತು ಆಮದು ಸುಂಕದ ಗೋಡೆ ಅದನ್ನು ಕಾಯುತ್ತಿತ್ತು, ಗೋಡೆ ತಗ್ಗಿ, ಗಣಕದಿಂದ ನಡೆಯುವ ಸಿಎನ್‌ಸಿ ಯಂತ್ರಗಳು ಬಂದಾಗ ಗಿರಾಕಿಯ ಕೆಲಸವೇ ಬದಲಾಗಿತ್ತು. ಆ ಬದಲಾದ ಕೆಲಸವನ್ನು ಹಿಡಿದವರು ಬೆಂಗಳೂರಿನ ಪೀಣ್ಯದ ಏಸ್ ಡಿಸೈನರ್ಸ್‌ನಂಥ ಕಂಪನಿಗಳು. ದೊಡ್ಡ ಮಾರುಕಟ್ಟೆಯಲ್ಲೂ ಇದೇ ನಿಯಮ. ಪುಣೆ ಬಳಿಯ ಆಕುರ್ಡಿಯ ಬಜಾಜ್ ಚೇತಕ್ ಸ್ಕೂಟರಿಗೆ ವರ್ಷಗಟ್ಟಲೆ ಕಾಯುವ ಪಾಳಿ ಇತ್ತು. ಮಧ್ಯಮ ವರ್ಗಕ್ಕೆ ಅದಕ್ಕಿಂತ ಮುಖ್ಯವಾದ ವಾಹನವೇ ಇರಲಿಲ್ಲ. 2009ರ ಹೊತ್ತಿಗೆ ಬಜಾಜ್ ಸ್ಕೂಟರ್ ಮಾಡುವುದನ್ನೇ ನಿಲ್ಲಿಸಿತು. ಮತ್ತೆ 2020ರಲ್ಲಿ ಚೇತಕ್ ವಿದ್ಯುತ್ ಸ್ಕೂಟರಾಗಿ ಮರಳಿದಾಗ ಅದನ್ನು ಮೊದಲು ಮಾರಿದ್ದು ಪುಣೆ ಮತ್ತು ಬೆಂಗಳೂರು ಎಂಬ ಎರಡೇ ಊರುಗಳಲ್ಲಿ. ಅಂದರೆ ಸೋಲುಗಳ ಲೆಕ್ಕ ಸೇರಿಸಿದರೂ ವಾದ ಬೀಳುವುದಿಲ್ಲ, ಇನ್ನಷ್ಟು ಖಚಿತವಾಗುತ್ತದೆ: ಮಾರುಕಟ್ಟೆಯ ಗಾತ್ರ ಯಾರನ್ನೂ ಕಾಯುವುದಿಲ್ಲ, ಗೋಡೆಯ ಹಿಂದಿನ ನೆಮ್ಮದಿಯೂ ಬಹುಕಾಲ ಉಳಿಯುವುದಿಲ್ಲ.

ಗೋಡೆಯ ಮಾತು ಬಂದಾಗ ಖಡಕಿಯ ಮೊದಲ ಕಾರ್ಖಾನೆಗೆ ಬರಬೇಕು. ಒಬ್ಬನೇ ಗಿರಾಕಿಯ ಮಾರುಕಟ್ಟೆ ಎಂದರೆ ಕಿರುಮಾರುಕಟ್ಟೆಯ ಕೊನೆಯ ತುದಿ. ಗಿರಾಕಿ ಬಿಟ್ಟುಹೋಗಲಾರ, ತಯಾರಿಸುವವನಿಗೆ ಬೇರೆಡೆ ಮಾರುವ ಅಗತ್ಯವಿಲ್ಲ. ದೇಶರಕ್ಷಣೆಗೆ ಅಂಥ ಏರ್ಪಾಡು ಬೇಕೆಂಬುದಕ್ಕೆ ಕಾರಣಗಳಿವೆ. ಯುದ್ಧದ ಹೊತ್ತಿನಲ್ಲಿ ಗುಂಡು ಯಾವ ಬೆಲೆಗೆ ಸಿಕ್ಕೀತೆಂದು ಪೇಟೆಯಲ್ಲಿ ವಿಚಾರಿಸುತ್ತ ಕೂರಲಾಗದು. ಆದರೆ ಬಿಟ್ಟುಹೋಗಲಾರದ ಗಿರಾಕಿಯ ದೂರು ಕಾರ್ಖಾನೆಯ ಕಿವಿಗೆ ತಡವಾಗಿ ಬೀಳುತ್ತದೆ. 2021ರ ಅಕ್ಟೋಬರ್ 1ರಂದು ಕೇಂದ್ರ ಸರ್ಕಾರ 41 ಆರ್ಡ್‌ನೆನ್ಸ್ ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ವಿಂಗಡಿಸಿತು. ಖಡಕಿಯ ಅಮ್ಯುನಿಷನ್ ಫ್ಯಾಕ್ಟರಿಯೂ ಹೈ ಎಕ್ಸ್‌ಪ್ಲೋಸಿವ್ಸ್ ಫ್ಯಾಕ್ಟರಿಯೂ ಪುಣೆಯಲ್ಲೇ ಕೇಂದ್ರ ಕಚೇರಿ ಇರುವ ಮ್ಯುನಿಷನ್ಸ್ ಇಂಡಿಯಾ ಕಂಪನಿಗೆ ಸೇರಿದವು. ಕಾರ್ಮಿಕ ಸಂಘಗಳು ಇದನ್ನು ವಿರೋಧಿಸಿದವು, ಅವರ ಆತಂಕ ಸುಳ್ಳೆನ್ನಲಾಗದು. ಆದರೂ ಒಂದೂವರೆ ಶತಮಾನ ಗಿರಾಕಿಯನ್ನು ಹುಡುಕದಿದ್ದ ಕಾರ್ಖಾನೆ ಈಗ ಪರದೇಶದ ಆರ್ಡರುಗಳಿಗೂ ಪೈಪೋಟಿ ಮಾಡಬೇಕಾದ ಸ್ಥಿತಿಗೆ ಬಂದಿದೆ. ಎದುರು ದಿಕ್ಕಿನಿಂದ ಬಂದದ್ದು ಎಂಜಿನ್ ಕಂಪನಿ. ವಿದ್ಯುತ್ ಜಾಲ ಹಳ್ಳಿಗೆ ತಲುಪಿ, ಕರ್ನಾಟಕದಂಥ ರಾಜ್ಯಗಳಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪಿಗೆ ವಿದ್ಯುತ್ ಉಚಿತವಾದಾಗ ಡೀಸೆಲ್ ಪಂಪು ಹಿಂದೆ ಸರಿಯಿತು. ಅದೇ ಎಂಜಿನ್ ಜ್ಞಾನ ಜನರೇಟರಿಗೆ ತಿರುಗಿತು: ಕರೆಂಟು ಹೋದಾಗ ಆಸ್ಪತ್ರೆಗೆ, ಮೊಬೈಲ್ ಟವರಿಗೆ, ವಸತಿ ಸಮುಚ್ಚಯಕ್ಕೆ. ಈಗ ಅದಕ್ಕೂ ಹೊಗೆಯ ಕಟ್ಟುನಿಟ್ಟು ಬಂದಿದೆ. 2023ರ ಜುಲೈಯಿಂದ ಜಾರಿಗೆ ಬಂದ ಹೊಸ ಮಾನದಂಡಕ್ಕೆ ತಕ್ಕಂತೆ ಎಂಜಿನ್ನುಗಳನ್ನೇ ಬದಲಿಸಬೇಕಾಯಿತು. 2025ರ ಏಪ್ರಿಲ್‌ನಲ್ಲಿ ನೌಕಾಪಡೆಗಾಗಿ 6 ಮೆಗಾವಾಟ್ ಸಾಮರ್ಥ್ಯದ ಹಡಗಿನ ಎಂಜಿನ್ ರೂಪಿಸುವ 270 ಕೋಟಿ ರೂಪಾಯಿಯ ಯೋಜನೆಗೆ ರಕ್ಷಣಾ ಸಚಿವಾಲಯ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್‌ಗೆ ಮಂಜೂರಾತಿ ಕೊಟ್ಟಿತು. ವೆಚ್ಚದ ಶೇಕಡಾ 70ರಷ್ಟನ್ನು ಸರ್ಕಾರವೇ ಭರಿಸುತ್ತದೆ. ಹಲವು ಗಿರಾಕಿಗಳನ್ನು ಪಳಗಿಸಿಕೊಂಡ ಕಂಪನಿ ಒಬ್ಬ ಗಿರಾಕಿಯ ಕೆಲಸಕ್ಕೆ ಕೈಹಾಕಿದೆ, ಒಬ್ಬ ಗಿರಾಕಿಯ ಕಾರ್ಖಾನೆ ಹಲವರನ್ನು ಹುಡುಕುತ್ತಿದೆ. ಇವುಗಳಲ್ಲಿ ಹೆಚ್ಚು ಕಷ್ಟದ್ದು ಎರಡನೆಯ ಪ್ರಯಾಣ, ಏಕೆಂದರೆ ಹುಡುಕುವ ಅಭ್ಯಾಸ ಒಂದು ಸರ್ಕಾರಿ ಆದೇಶದಿಂದ ಬರುವುದಿಲ್ಲ.

ಇನ್ನು ಅಂತರ್ಜಾಲದ ವಿಚಾರ. 2004ರಲ್ಲಿ ಅಮೆರಿಕದ ಪತ್ರಕರ್ತ ಕ್ರಿಸ್ ಆಂಡರ್ಸನ್ 'ಉದ್ದ ಬಾಲ'ದ ಸಿದ್ಧಾಂತ ಮಂಡಿಸಿದರು. ಅಂಗಡಿಯ ಕಪಾಟಿಗೆ ಮಿತಿ ಇದ್ದಾಗ ಜನಪ್ರಿಯ ಸರಕು ಮಾತ್ರ ನಿಲ್ಲುತ್ತದೆ. ಅಂತರ್ಜಾಲದ ಕಪಾಟಿಗೆ ಮಿತಿ ಇಲ್ಲ, ಆದ್ದರಿಂದ ಕೆಲವೇ ಪ್ರತಿ ಮಾರುವ ಸಾವಿರಾರು ಸರಕುಗಳು ಒಟ್ಟಾಗಿ ಜನಪ್ರಿಯ ಸರಕಿಗೆ ಸರಿಸಾಟಿಯಾಗುತ್ತವೆ ಎಂಬುದು ಅದರ ಸಾರ. ಹಾರ್ವರ್ಡಿನ ಅನಿತಾ ಎಲ್ಬರ್ಸ್ 2008ರಲ್ಲಿ ಸಂಗೀತ ಮತ್ತು ಸಿನಿಮಾ ಮಾರಾಟದ ಅಂಕಿ ಅಂಶ ತೆಗೆದು ಇದಕ್ಕೆ ಎದುರು ನುಡಿದರು: ಆಯ್ಕೆ ಹೆಚ್ಚಿದಷ್ಟೂ ಜನ ಗೆದ್ದದ್ದರ ಸುತ್ತಲೇ ಇನ್ನಷ್ಟು ಮುತ್ತುತ್ತಿದ್ದಾರೆ. ಇಬ್ಬರೂ ಒಂದೊಂದು ತುದಿ ಹಿಡಿದಿದ್ದಾರೆ. ಬಾಲ ಉದ್ದವಾಗಿರುವುದು ನಿಜ, ಆದರೆ ಅದರ ಲಾಭದ ಬಹುಪಾಲು ಸೇರುವುದು ಬಾಲವನ್ನು ಹಿಡಿದ ಜಾಲತಾಣದ ಒಡೆಯನಿಗೆ. ಅದರೊಳಗಿನ ಒಬ್ಬೊಬ್ಬ ತಯಾರಕನಿಗೆ ಸಿಗುವುದು ಚೂರುಪಾರು. ಚನ್ನಪಟ್ಟಣದ ಗೊಂಬೆಯನ್ನು ನೋಡಿ. ಹಾಲೆ ಮರಕ್ಕೆ ಅರಗಿನ ಬಣ್ಣ ಕೂರಿಸಿ ಮಾಡಿದ, ಮಗು ಬಾಯಿಗಿಟ್ಟರೂ ಹೆದರಬೇಕಿಲ್ಲದ ಆ ಆಟಿಕೆಗೆ 2005-06ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಜಾಲತಾಣಗಳಲ್ಲಿ ಅದು ದೇಶವಿಡೀ ಸಿಗುತ್ತದೆ. ಆದರೆ ಯಾವ ತಾಯಿ ಏಕೆ ಅದನ್ನು ಆರಿಸಿದಳು, ಮುಂದಿನ ಸಲ ಏನು ಬೇಕೆಂದಳು ಎಂಬ ಮಾಹಿತಿ ಜಾಲತಾಣದ ಬಳಿಯೇ ಉಳಿಯುವುದಾದರೆ ಗೊಂಬೆ ಮಾಡುವವನು ಬೆಳಗಾವಿಯ ಸೈಕಲ್ ಅಂಗಡಿಯ ಸ್ಥಿತಿಗಿಂತ ಕೆಳಗೆ ಇಳಿಯುತ್ತಾನೆ. ಅಂಗಡಿಯವನಿಗೆ ಗಿರಾಕಿಯ ಮುಖವಾದರೂ ಕಾಣುತ್ತಿತ್ತು. ಆದ್ದರಿಂದ ಇಂದಿನ ಸಣ್ಣ ಉದ್ಯಮಿ ಕಾಪಾಡಿಕೊಳ್ಳಬೇಕಾದ ಮೊದಲ ಆಸ್ತಿ ಗಿರಾಕಿಯ ಜೊತೆಗಿನ ನೇರ ಸಂಬಂಧ. ಜಾಲತಾಣದಲ್ಲಿ ಮಾರಲಿ, ಆದರೆ ರಿಪೇರಿ, ಸಲಹೆ, ದೂರು, ಮರುಖರೀದಿ ತನ್ನ ಕೈಯಲ್ಲೇ ಇರಲಿ.

ಇವೆಲ್ಲವನ್ನೂ ಒಟ್ಟಿಗೆ ನೋಡಿದರೆ ಸಣ್ಣದೋ ದೊಡ್ಡದೋ ಎಂಬ ಜಗಳ ಹಿಂದಕ್ಕೆ ಸರಿಯುತ್ತದೆ, ಬೇರೆ ಮೂರು ಪ್ರಶ್ನೆಗಳು ಮುಂದೆ ಬರುತ್ತವೆ. ಈ ಸರಕು ಯಾರ ಯಾವ ಕೆಲಸಕ್ಕೆ? ಆ ಕೆಲಸವನ್ನು ನಮಗಿಂತ ಚೆನ್ನಾಗಿ ಬಲ್ಲವರು ಈಗಾಗಲೇ ಇದ್ದಾರೆಯೇ? ಗಿರಾಕಿಗೆ ನಮ್ಮನ್ನು ಬಿಟ್ಟುಹೋಗುವ ಸ್ವಾತಂತ್ರ್ಯವಿದ್ದೂ ಅವನು ಉಳಿಯುತ್ತಿದ್ದಾನೆಯೇ? ಮೂರನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ, ಆದರೆ ಹರಿಹರ ಮತ್ತು ಖಡಕಿ ಎರಡೂ ಕಲಿಸುವುದು ಅದನ್ನೇ. ಹೊಸ ಉದ್ಯಮಕ್ಕೆ ಸಾಲ ಕೊಡುವ ಬ್ಯಾಂಕು ಯೋಜನಾ ವರದಿಯಲ್ಲಿ ಮೊದಲು ನೋಡುವುದು ಮಾರುಕಟ್ಟೆಯ ಒಟ್ಟು ಗಾತ್ರವನ್ನು; ಅದರಲ್ಲಿ ಶೇಕಡಾ ಒಂದು ಸಿಕ್ಕರೂ ಸಾಕೆಂಬ ಲೆಕ್ಕ ಬರೆದವನಿಗೆ ಸಾಲ ಸಿಗುತ್ತದೆ. ಎರಡು ವರ್ಷ ರಂಟೆ ಮಾರದೆ ಕುಳಿತ ಮನುಷ್ಯನಿಗೆ ಆ ಲೆಕ್ಕದಲ್ಲಿ ಯಾವ ಬ್ಯಾಂಕೂ ಕಾಸು ಬಿಚ್ಚುತ್ತಿರಲಿಲ್ಲ; ಅಂದು ಔಂಧ್‌ನ ರಾಜರು ನಂಬಿ ಕೊಟ್ಟರು. ರಾಜರಿಲ್ಲದ ಈ ಕಾಲದಲ್ಲಿ ಆ ಕೆಲಸವನ್ನು ನಮ್ಮ ಸಾಲ ಸಂಸ್ಥೆಗಳು ಮಾಡಬೇಕಾದರೆ ಅವು ಮಾರುಕಟ್ಟೆಯ ಅಂದಾಜಿಗಿಂತ ಮೊದಲ ಹತ್ತು ಗಿರಾಕಿಗಳ ಹೆಸರನ್ನು, ಅವರ ಕೆಲಸವನ್ನು, ಅವರು ಎರಡನೆಯ ಸಲ ಕೊಂಡರೋ ಇಲ್ಲವೋ ಎಂಬುದನ್ನು ಕೇಳುವುದು ಮೇಲು. ಆ ಹತ್ತು ಜನರ ವಿಷಯದಲ್ಲಿ ಉತ್ತರ ಗಟ್ಟಿಯಾಗಿದ್ದರೆ ಹತ್ತು ಸಾವಿರದ ಲೆಕ್ಕವನ್ನು ಆಮೇಲೆ ಹಾಕಬಹುದು.